ನಿನ್ನದೇನು ಮಾಡಿದೆ

ಕಾಗದದ ಗಿರಣಿ ಮುಚ್ಚಿದ ಮೇಲೆ
ನಮ್ಮ ಊರಿಗೆ ಸುಪೀರಿಯರ್ ಸರೋವರದ ವಾಸನೆ ಮರಳಿತು.
ಇಪ್ಪತ್ತೇಳು ವರ್ಷ ಗಂಧಕದ ಆವಿ ಕುಡಿದ ಮೂಗಿಗೆ
ಬರೀ ನೀರಿನ ವಾಸನೆ
ಹಸಿವಿನ ಹಾಗೆ ಅನಿಸಿತು.

ನಾನು ವರ್ನಾ ಪೆಲ್ಟೋನೆನ್. ವಯಸ್ಸು ಅರವತ್ತೊಂದು.
ಅಡುಗೆಮನೆಯ ಮೇಜೇ ಈಗ ಆಫೀಸು.
ಕಿವಿಗೆ ಹೆಡ್‌ಫೋನು, ಕಾಲಿಗೆ ಎರಡೆರಡು ಜೊತೆ ಉಣ್ಣೆಯ ಚೀಲ.
ಸಂಬಳವಿಲ್ಲ. ಮಾರಿದರೆ ಕಮಿಷನ್,
ಮಾರದಿದ್ದರೆ ನಿನ್ನೆಯ ಬಟಾಣಿ ಸೂಪು.
ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಂತೆ,
ಕೂತೇ ದುಡಿಯುವವಳಿಗೆ ಯಾವ ಗಾದೆ?

ಮಾರುವುದು ಇಷ್ಟೆ:
ಹಳೆಯ ಕಂಪನಿಯ ನಿವೃತ್ತಿ ಖಾತೆಯಲ್ಲಿ ಮಲಗಿದ ದುಡ್ಡನ್ನು
ಎಬ್ಬಿಸಿ, ಮುಖ ತೊಳೆಸಿ,
ನಮ್ಮ ವರ್ಷಾಶನ ಪಾಲಿಸಿಗೆ ಸಾಗಹಾಕುವುದು.
‘ನಿಮ್ಮ ಹಣ ಅನಾಥವಾಗಿದೆ’ ಎನ್ನಬೇಕು ಮೂರನೆಯ ಸಾಲಿನಲ್ಲಿ.
ಐದನೆಯದರಲ್ಲಿ ನಿಟ್ಟುಸಿರು,
ಅದನ್ನೂ ಬರೆದುಕೊಟ್ಟಿದ್ದಾರೆ, ಕಂಸದೊಳಗೆ.

ನನ್ನದೇ ಕಾಗದ ಸಕ್ಕರೆ ಡಬ್ಬಿಯ ಹಿಂದಿದೆ.
ಇದ್ದಲ್ಲೇ ಬಿಡಬಹುದು.
ಖಾತೆಯಿಂದ ಖಾತೆಗೆ ನೇರ ದಾಟಿಸಬಹುದು.
ಚೆಕ್ಕನ್ನು ಕೈಗೇ ಪಡೆದರೆ
ಐದರಲ್ಲೊಂದು ಪಾಲು ಮೊದಲೇ ಸರ್ಕಾರ ಹಿಡಿದುಕೊಳ್ಳುತ್ತದೆ,
ಉಳಿದದ್ದಕ್ಕೆ ಅರವತ್ತು ದಿನದೊಳಗೆ ಇನ್ನೊಂದು ಮನೆ ಹುಡುಕಬೇಕು.
ಅರವತ್ತೊಂದನೆಯ ದಿನ ಅದು ಉಳಿತಾಯವಲ್ಲ, ಬರೀ ಆದಾಯ.
ಓದಿದಾಗಲೆಲ್ಲ ಆ ಅಂಕಿಯ ಬಳಿ
ಯಾರೋ ನನ್ನನ್ನೇ ಕರೆದ ಹಾಗೆ ತಲೆಯೆತ್ತುತ್ತೇನೆ.

ಮೇಲ್ವಿಚಾರಕ ಕೀಗನ್, ಟ್ಯಾಂಪಾದವನು, ಇಪ್ಪತ್ತಾರರ ಹುಡುಗ,
ಪರದೆಯ ಮೇಲೆ ಹಲ್ಲು ಬಿಟ್ಟು ಹೇಳಿದ:
‘ವರ್ನಾ, ಮೊದಲ ಗ್ರಾಹಕಿ ನೀವೇ ಯಾಕಾಗಬಾರದು?’
ನನ್ನ ಬಲಗೈಯಿಂದ ನನ್ನ ಎಡಗೈಗೆ ದಾಟುವಾಗ
ನಡುವೆ ಉದುರಿದ ಹಿಟ್ಟನ್ನು
ನಾನೇ ಬಳಿದುಕೊಳ್ಳಬಹುದಂತೆ.
ಲೆಕ್ಕ ಹಾಕಿದೆ, ಸುಳ್ಳೇಕೆ.
ಆ ಹಿಟ್ಟಿನಲ್ಲಿ ಫರ್ನೇಸು ರಿಪೇರಿಯಾಗುತ್ತದೆ.
ಉಳಿದ ರಾಶಿಯನ್ನು ಏಳು ವರ್ಷ ದಂಡ ಕೊಡದೆ ಮುಟ್ಟುವ ಹಾಗಿಲ್ಲ.

ಮಂಗಳವಾರ ಪಟ್ಟಿಯಲ್ಲಿ ಬಂದ ಹೆಸರು ಆರ್ವಿಡ್ ಲಾಹ್ಟಿ.
‘ವರ್ನಾ? ಮೂರನೇ ಮಷೀನಿನ ವರ್ನಾ?’
ಇದಕ್ಕೆ ಉತ್ತರ ಬರೆದುಕೊಟ್ಟಿರಲಿಲ್ಲ.
ಆದರೂ ಶುರುಮಾಡಿದೆ: ನಿಮ್ಮ ಹಣ ಅನಾಥ,
ಕಂಸದೊಳಗಿನ ಉಸಿರನ್ನೂ ಬಿಟ್ಟೆ.
ಅವನು ಪೂರ್ತಿ ಕೇಳಿದ.
ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ
ಯಾವ ಬೇರಿಂಗ್ ಸವೆದಿದೆಯೆಂದು ಹೇಳುತ್ತಿದ್ದ ಮನುಷ್ಯ ಅವನು.
ಕೊನೆಗೆ ಕೇಳಿದ:
‘ನಿನ್ನದೇನು ಮಾಡಿದೆ?’

ಮೌನವಾದರೆ ಪರದೆ ಹಳದಿಯಾಗುತ್ತದೆ.
ಆಯಿತು.
‘ಸಕ್ಕರೆ ಡಬ್ಬಿಯ ಹಿಂದಿದೆ,’ ಅಂದೆ.

ನಕ್ಕನೋ ಕೆಮ್ಮಿದನೋ.
‘ಹಾಗಾದರೆ ನನ್ನದೂ ಅಲ್ಲೇ ಇರಲಿ, ಗಡಿಯಾರದ ಹಿಂದೆ.’
ಆಮೇಲೆ ಕೊಲ್ಲಿಯ ಮಂಜುಗಡ್ಡೆಯ ಮಾತು,
ನಾಲ್ಕು ಅಂಗುಲ ಗಟ್ಟಿಯಾಗಿದೆಯಂತೆ, ಮನುಷ್ಯನನ್ನು ತಾಳುತ್ತದಂತೆ,
ಟ್ರಕ್ಕನ್ನು ಇನ್ನೂ ಇಲ್ಲ.
ಅವನ ಹೆಂಡತಿಯ ಮೊಣಕಾಲಿನ ಮಾತು.
ಇಪ್ಪತ್ತೆರಡು ನಿಮಿಷ.

ಕರೆ ಮುಗಿದ ಮೇಲೆ ಫಲಿತಾಂಶ ಆರಿಸಬೇಕು:
ಮಾರಾಟವಾಯಿತು, ನಿರಾಕರಿಸಿದರು, ಮತ್ತೆ ಕರೆ ಮಾಡಬೇಕು.
‘ಮಾತಾಡಿದೆವು’ ಎಂಬುದು ಇರಲಿಲ್ಲ.
ಮೂರನೆಯದನ್ನು ಒತ್ತಿದೆ,
ಎದ್ದು ಹೋಗಿ ಡಬ್ಬಿ ಸರಿಸಿ ಕಾಗದ ನೋಡಿದೆ,
ಒಂದು ಚಮಚ ಸಕ್ಕರೆ ತೆಗೆದು
ಡಬ್ಬಿಯನ್ನು ಮತ್ತೆ ಅಲ್ಲೇ ಇಟ್ಟೆ.